ಬಿಟ್ಟು ಪಡೆಯುವ ಬೆಡಗು

ಮೂತ್ರಪಿಂಡದ ರಕ್ತನಾಳಕ್ಕೆ ಕಪ್ಪು ದ್ರವ ಹಾಯಿಸಿ, ಆಮೇಲೆ ಪಿಂಡವನ್ನು ಸೀಳಿ ನೋಡಿದವನು ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ. ನಾಳದ ಕವಲುಗಳ ತುದಿತುದಿಯಲ್ಲೂ ಅವನಿಗೆ ಪುಟ್ಟ ಕಪ್ಪು ಗಂಟುಗಳು ಕಂಡವು. 1666ರ ತನ್ನ ಗ್ರಂಥದಲ್ಲಿ ಅವನ್ನು ವರ್ಣಿಸಿದ. ಕೂದಲಿಗಿಂತ ತೆಳ್ಳಗಿನ ಲೋಮನಾಳಗಳು ಸಿಂಬಿ ಸುತ್ತಿಕೊಂಡು ಆದ ಗಂಟುಗಳು ಅವು. ಮುಷ್ಟಿಗಾತ್ರದ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಇರುತ್ತವೆ.

ಹೃದಯ ಹೊರಡಿಸಿದ ರಕ್ತದಲ್ಲಿ ಐದನೇ ಒಂದು ಪಾಲು ಈ ಎರಡು ಪಿಂಡಗಳಿಗೇ ಹೋಗುತ್ತದೆ. ಗಂಟುಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಮೈಯಲ್ಲಿರುವ ಪ್ಲಾಸ್ಮಾ, ಎಂದರೆ ರಕ್ತದ ದ್ರವಭಾಗ, 3 ಲೀಟರಿನಷ್ಟು. ಅಂದರೆ ಅದೇ ದ್ರವ ದಿನಕ್ಕೆ ಅರವತ್ತು ಸಲ ಸೋಸಿಸಿಕೊಳ್ಳುತ್ತದೆ. ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರ್ ಮಾತ್ರ. ಉಳಿದದ್ದೆಲ್ಲ ಗಂಟಿನಿಂದ ಹೊರಡುವ ಕೊಳವೆಯ ಗೋಡೆ ದಾಟಿ ಮರಳಿ ರಕ್ತ ಸೇರುತ್ತದೆ.

ಇಷ್ಟನ್ನೂ ಸುರಿದು, ಮತ್ತೆ ಇಷ್ಟನ್ನೂ ಬಾಚಿಕೊಳ್ಳುವ ಶ್ರಮ ಏಕೆ? ಕೊಳೆಯನ್ನಷ್ಟೇ ಆರಿಸಿ ಎಸೆಯಬಹುದಿತ್ತಲ್ಲ! ಆದರೆ ಆರಿಸಲು ಗುರುತು ಗೊತ್ತಿರಬೇಕು. ನಾಳೆ ಯಾವ ಬೇರು, ಯಾವ ಮದ್ದು, ಯಾವ ಹೊಸ ರಾಸಾಯನಿಕ ಹೊಟ್ಟೆಗೆ ಇಳಿದೀತೋ ಯಾರು ಬಲ್ಲರು? ಹಬ್ಬಕ್ಕೆ ಮುಂಚೆ ಮನೆ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿ, ಬೇಕಾದ್ದನ್ನಷ್ಟೇ ಒಳಗೆ ತರುತ್ತೇವಲ್ಲ, ಮೂತ್ರಪಿಂಡದ್ದೂ ಅದೇ ರೂಢಿ. ಸಕ್ಕರೆ, ಉಪ್ಪು, ಅಮೈನೋ ಆಮ್ಲಗಳನ್ನು ಒಳಗೆ ಒಯ್ಯಲು ಕೊಳವೆಯ ಗೋಡೆಯಲ್ಲಿ ಒಂದೊಂದಕ್ಕೂ ಅದರದೇ ವಾಹಕಗಳಿವೆ. ಪರಿಚಯವಿಲ್ಲದ್ದು ಬಹುಮಟ್ಟಿಗೆ ಅಂಗಳದಲ್ಲೇ ಉಳಿಯುತ್ತದೆ. ಮೈಗೆ ತಿಳಿಯಬೇಕಾದದ್ದು ತನ್ನ ಬೇಕುಗಳು ಮಾತ್ರ. ಬೇಡಗಳ ಪಟ್ಟಿ ಎಷ್ಟು ಬೆಳೆದರೂ ಅದಕ್ಕೆ ಚಿಂತೆಯಿಲ್ಲ. ಈ ನಿರಾಳ ನನಗೆ ಬಹಳ ಇಷ್ಟ.

ಇದಕ್ಕಿಂತಲೂ ಇಷ್ಟವಾದದ್ದು ಹೆನ್ಲೆಯ ಕುಣಿಕೆ. ಗಂಟಿನಿಂದ ಹೊರಟ ಕೊಳವೆ ಒಂದಷ್ಟು ಸುತ್ತಾಡಿ, ಇದ್ದಕ್ಕಿದ್ದಂತೆ ಪಿಂಡದ ಒಳಭಾಗಕ್ಕೆ ನೇರ ಇಳಿಯುತ್ತದೆ. ಅಲ್ಲಿ ತಿರುಗಿ, ಬಂದ ದಾರಿಯ ಪಕ್ಕದಲ್ಲೇ ಮೇಲೇರುತ್ತದೆ. 1862ರಲ್ಲಿ ಇದನ್ನು ವರ್ಣಿಸಿದ ಜರ್ಮನಿಯ ಯಾಕೋಬ್ ಹೆನ್ಲೆಗೆ ಇದರ ಕೆಲಸ ತಿಳಿದಿರಲಿಲ್ಲ. ಇಳಿದು ಹತ್ತುವ ಈ ಪ್ರಯಾಸದ ಗುಟ್ಟು ಬಿಡಿಸಿಕೊಂಡದ್ದು ಸುಮಾರು ತೊಂಬತ್ತು ವರ್ಷಗಳ ಮೇಲೆ, 1951ರಲ್ಲಿ, ಸ್ವಿಟ್ಜರ್ಲೆಂಡಿನ ವರ್ನರ್ ಕುನ್, ಹೈನ್ರಿಖ್ ವಿರ್ಟ್ಸ್ ಮತ್ತು ಅವರ ಜೊತೆಗಾರರ ಕೆಲಸದಿಂದ.

ಇಳಿಯುವ ಕೊಳವೆ ನೀರನ್ನು ಬಿಟ್ಟುಕೊಡುತ್ತದೆ. ಏರುವ ಕೊಳವೆ ನೀರನ್ನು ಬಿಡದು, ಉಪ್ಪನ್ನು ಹೊರಗೆ ದೂಡುತ್ತದೆ. ಆ ಉಪ್ಪು ಪಕ್ಕದ ಕೊಳವೆಯ ನೀರನ್ನು ಸೆಳೆಯುತ್ತದೆ. ಹಾಗೆ ಸಾಂದ್ರವಾದ ದ್ರವ ತಿರುಗಿ ಮೇಲೆ ಬಂದಾಗ ದೂಡಲು ಇನ್ನಷ್ಟು ಉಪ್ಪು ಸಿಗುತ್ತದೆ. ಒಂದೊಂದು ಮಜಲಿನಲ್ಲಿ ವ್ಯತ್ಯಾಸ ಅತಿ ಸಣ್ಣದು. ಎದುರುಬದುರು ಹರಿಯುವುದರಿಂದ ಅದೇ ಮಡಿಮಡಿಯಾಗಿ ಕೂಡುತ್ತ, ಯೂರಿಯಾದ ನೆರವೂ ಸೇರಿ, ತಳ ಮುಟ್ಟುವಾಗ ಸುತ್ತಲ ಸಾಂದ್ರತೆ ರಕ್ತದ ನಾಲ್ಕು ಪಟ್ಟು!

ವಿಶೇಷವೆಂದರೆ, ಕುಣಿಕೆಯಿಂದ ಹೊರಬರುವ ದ್ರವ ರಕ್ತಕ್ಕಿಂತಲೂ ತೆಳ್ಳಗಿರುತ್ತದೆ. ಅಷ್ಟು ಕಷ್ಟಪಟ್ಟು ಕೂಡಿಟ್ಟ ಉಪ್ಪನ್ನು ಕುಣಿಕೆ ಅಲ್ಲೇ ಬಿಟ್ಟು ಬಂದಿದೆ. ಆ ದ್ರವವೇ ಕೊನೆಗೆ ಸಂಗ್ರಾಹಕ ನಾಳದಲ್ಲಿ ಅದೇ ಉಪ್ಪುನೆಲದ ಮೂಲಕ ಇನ್ನೊಮ್ಮೆ ಇಳಿಯುತ್ತದೆ. ಬಾಯಾರಿದ ಹೊತ್ತಿನಲ್ಲಿ ಮಿದುಳಿನಿಂದ ಹಾರ್ಮೋನ್ ಬಂದರೆ ನಾಳದ ಗೋಡೆಗೆ ನೀರಿನ ಕಿಂಡಿಗಳು ಬಂದು ಕೂರುತ್ತವೆ, ನೀರು ಹೊರಗಿನ ಉಪ್ಪಿನತ್ತ ಹರಿದು ಮೈಗೆ ಮರಳುತ್ತದೆ. ನೀರು ಧಾರಾಳವಾಗಿ ಕುಡಿದಿದ್ದರೆ ಕಿಂಡಿಗಳು ಒಳಗೆ ಸರಿಯುತ್ತವೆ. ಇಂಥ ಕಿಂಡಿಗಳನ್ನು ಮೊದಲು ಗುರುತಿಸಿದ ಪೀಟರ್ ಆಗ್ರೆಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಕುಣಿಕೆಯ ಉದ್ದವನ್ನು ಬದುಕುವ ನೆಲವೇ ಅಳೆದಂತಿದೆ. ನೀರಲ್ಲೇ ಬಾಳುವ ಬೀವರ್‌ಗೆ ಗಿಡ್ಡ ಕುಣಿಕೆಗಳು. ಅಮೆರಿಕದ ಮರುಭೂಮಿಯ ಕಾಂಗರೂ ಇಲಿಗೆ ಬಹಳ ಉದ್ದನೆಯವು. ಒಣ ಬೀಜ ತಿಂದು, ನೀರೇ ಕುಡಿಯದೆ ಅದು ಬದುಕಬಲ್ಲದು. ನಮ್ಮಲ್ಲಿ ಎರಡೂ ಬಗೆಯವು ಇವೆ, ಗಿಡ್ಡವೇ ಹೆಚ್ಚು.

ಇನ್ನು ಪಿಂಡದಿಂದ ಮೂತ್ರಕೋಶಕ್ಕೆ ಹೋಗುವ ಮೂತ್ರನಾಳ. ಅದರ ಸ್ನಾಯುಗಳು ಅಲೆಯಲೆಯಾಗಿ ಹಿಂಡಿ ಮೂತ್ರವನ್ನು ಮುಂದೆ ನೂಕುವುದರಿಂದ ನಾವು ಮಲಗಿದ್ದರೂ ಕೆಲಸ ನಿಲ್ಲುವುದಿಲ್ಲ. ಮೂತ್ರಕೋಶದ ಗೋಡೆಯನ್ನು ಅದು ಹೊಗುವುದು ಓರೆಯಾಗಿ. ಕೋಶ ತುಂಬಿದಂತೆ ಗೋಡೆಯೊಳಗಿನ ಆ ತುಂಡು ಒತ್ತಿ ಮುಚ್ಚಿಕೊಳ್ಳುತ್ತದೆ, ಮೂತ್ರ ಹಿಂದಕ್ಕೆ ಪಿಂಡದತ್ತ ಏರುವುದಿಲ್ಲ. ಬೇರೆ ಕವಾಟ ಇಟ್ಟಿಲ್ಲ. ಒಳಹೊಕ್ಕ ಓರೆಯೇ ಆ ಕೆಲಸ ಮಾಡುತ್ತದೆ.