ಮಸೂದೆಯ ಕೊನೆಯ ಪುಟಗಳು

ವಿಧಾನಮಂಡಲದ ಅಧಿವೇಶನ ಶುರುವಾದರೆ ಟಿ.ವಿ.ಗಳು ಸದನದ ಬಾವಿಗಿಳಿದವರನ್ನು ತೋರಿಸುತ್ತವೆ. ನನ್ನ ಕಣ್ಣು ಆ ದಿನದ ಕಾರ್ಯಕಲಾಪ ಪಟ್ಟಿಯಲ್ಲಿ ‘ಶಾಸನ ರಚನೆ’ ಎಂಬ ತಲೆಬರಹವನ್ನು ಹುಡುಕುತ್ತದೆ. ಇವತ್ತು ಮಂಡನೆಯಾಗುವುದು ಯಾವುದು, ಪರ್ಯಾಲೋಚನೆಗೆ ಬರುವುದು ಯಾವುದು ಎಂಬುದು ಅಲ್ಲಿನ ಕೆಲವೇ ಸಾಲುಗಳಲ್ಲಿ ಗೊತ್ತಾಗುತ್ತದೆ. ನಾವು ಕಟ್ಟುವ ತೆರಿಗೆ, ನಮ್ಮ ಊರಿನ ಆಡಳಿತ, ನಮ್ಮ ಹೊಲದ ಮಾರಾಟ ಎಲ್ಲವೂ ಆ ಸಾಲುಗಳಿಂದಲೇ ಬದಲಾಗುತ್ತವೆ. ವಾಹಿನಿಯ ಚರ್ಚೆ ಕೇಳುವ ಹೊತ್ತಿನಲ್ಲಿ ಮೂಲ ಮಸೂದೆಯನ್ನೇ ಓದಿಬಿಡಬಹುದು. ಬಹುಪಾಲು ಮಸೂದೆಗಳು ಕೆಲವೇ ಪುಟಗಳವು.

ಓದುವುದನ್ನು ಹಿಂದಿನಿಂದ ಶುರುಮಾಡಿ ಎನ್ನುವುದು ನನ್ನ ಮೊದಲ ಸಲಹೆ. ಖಂಡಗಳೆಲ್ಲ ಮುಗಿದ ಮೇಲೆ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಇರುತ್ತದೆ. ಜೊತೆಗೆ ಆರ್ಥಿಕ ಜ್ಞಾಪನ ಪತ್ರ ಮತ್ತು ನಿಯಮ ರಚಿಸುವ ಅಧಿಕಾರದ ಬಗ್ಗೆ ಇನ್ನೊಂದು ಜ್ಞಾಪನ ಪತ್ರ. ತಿದ್ದುಪಡಿ ಮಸೂದೆಯಾದರೆ ಅನುಬಂಧವೂ ಇರುತ್ತದೆ, ತಿದ್ದಲು ಹೊರಟಿರುವ ಹಳೆಯ ಪ್ರಕರಣಗಳು ಅದರಲ್ಲಿರುತ್ತವೆ. ತಿದ್ದುಪಡಿ ಮಸೂದೆಯ ಖಂಡಗಳನ್ನಷ್ಟೇ ಓದಿದರೆ ಏನೂ ಅರ್ಥವಾಗದು. ಇಂಥ ಪದ ಬಿಡತಕ್ಕದ್ದು, ಇಂಥ ಪದ ಸೇರಿಸತಕ್ಕದ್ದು ಎಂದಷ್ಟೇ ಅದು ಹೇಳುತ್ತದೆ. ಅನುಬಂಧವನ್ನು ಪಕ್ಕದಲ್ಲಿಟ್ಟುಕೊಂಡಾಗ ಹೊಸದೇನು, ಹಳೆಯದೇನು ಎಂದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

2024ರ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ತಿದ್ದುಪಡಿ ಮಸೂದೆಯನ್ನೇ ನೋಡಿ. ವರ್ಷಕ್ಕೆ 1 ಕೋಟಿ ರೂಪಾಯಿಗಿಂತ ಹೆಚ್ಚು ವರಮಾನದ ದೇವಾಲಯಗಳಿಂದ ಶೇ 10, 10 ಲಕ್ಷದಿಂದ 1 ಕೋಟಿಯವರೆಗಿನವುಗಳಿಂದ ಶೇ 5 ಪಡೆದು, ಸಣ್ಣ ದೇವಾಲಯಗಳ ನೆರವಿಗೆ ಸಾಮಾನ್ಯ ಸಂಗ್ರಹ ನಿಧಿಗೆ ಹಾಕುವ ಪ್ರಸ್ತಾವ ಅದು. ಸರ್ಕಾರ ದೇವರ ಹುಂಡಿಗೆ ಹೊಸದಾಗಿ ಕೈಹಾಕಿತು ಎಂದು ಬೀದಿಯಲ್ಲೆಲ್ಲ ಮಾತಾಯಿತು. ಆದರೆ ಆ ನಿಧಿಯೂ ದೇವಾಲಯಗಳ ವರಮಾನದ ಪಾಲೂ 1997ರ ಮೂಲ ಕಾಯ್ದೆಯ 17ನೇ ಪ್ರಕರಣದಲ್ಲಿ ಮೊದಲೇ ಇದ್ದವು. ಬದಲಾಗಲಿದ್ದದ್ದು ದರ ಮತ್ತು ಮಿತಿ. ದೊಡ್ಡ ದೇವಾಲಯಗಳ ಮೇಲೆ ಇಷ್ಟು ಹೊರೆ ಸರಿಯೇ ಎಂಬುದು ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆಯೇ. ಹಳೆಯ ಪ್ರಕರಣ ಓದದವರಿಗೆ ಆ ಪ್ರಶ್ನೆಯ ಬುಡವೇ ಸಿಗಲಿಲ್ಲ.

ಆ ಮಸೂದೆಯ ಮುಂದಿನ ಪಯಣ ಇನ್ನೂ ಕುತೂಹಲದ್ದು. ಫೆಬ್ರವರಿ 21ರಂದು ವಿಧಾನಸಭೆ ಅದನ್ನು ಅಂಗೀಕರಿಸಿತು. ಎರಡೇ ದಿನಕ್ಕೆ, 23ರಂದು, ವಿಧಾನ ಪರಿಷತ್ತಿನಲ್ಲಿ ಧ್ವನಿಮತಕ್ಕೆ ಹಾಕಿದಾಗ ಬಿದ್ದುಹೋಯಿತು. 75 ಸದಸ್ಯರ ಪರಿಷತ್ತಿನಲ್ಲಿ ಆಗ ಆಡಳಿತ ಪಕ್ಷಕ್ಕೆ ಬಹುಮತವಿರಲಿಲ್ಲ. ಪರಿಷತ್ತು ಅಲಂಕಾರಕ್ಕಷ್ಟೇ ಎನ್ನುವವರು ಆ ಸಂಜೆಯನ್ನು ನೆನಪಿಟ್ಟುಕೊಳ್ಳಬೇಕು. ಆದರೆ ಸಂವಿಧಾನದ 197ನೇ ವಿಧಿಯ ಪ್ರಕಾರ ಪರಿಷತ್ತು ಮಸೂದೆಯನ್ನು ತಡೆಯಬಲ್ಲದೇ ಹೊರತು ಕೊಲ್ಲಲಾರದು. ಮೇಲ್ಮನೆ ತಿರಸ್ಕರಿಸಿದರೆ ಅಥವಾ ಮೂರು ತಿಂಗಳು ಸುಮ್ಮನಿಟ್ಟುಕೊಂಡರೆ ಕೆಳಮನೆ ಮತ್ತೊಮ್ಮೆ ಅಂಗೀಕರಿಸಬಹುದು, ಆಮೇಲೆ ಮೇಲ್ಮನೆಗೆ ಸಿಗುವುದು ಒಂದೇ ತಿಂಗಳು. ಹಾಗೆಯೇ ಆಯಿತು, ಫೆಬ್ರವರಿ 29ರಂದು ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿತು. ಅಷ್ಟಾದರೂ ಕಾಯ್ದೆಯಾಗಲಿಲ್ಲ, ರಾಜ್ಯಪಾಲರು ಮಸೂದೆಯನ್ನು ವಾಪಸು ಕಳಿಸಿದರು.

ಕೊನೆಯ ಪುಟಗಳಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ನಿಯಮ ರಚನೆಯ ಜ್ಞಾಪನ ಪತ್ರದ ಮುಂದೆ. ಸದನ ಯಾವುದನ್ನು ತಾನೇ ತೀರ್ಮಾನಿಸದೆ ಸರ್ಕಾರದ ಕೈಗೆ ಬಿಡುತ್ತಿದೆ ಎಂಬುದು ಅದರಲ್ಲಿ ಖಂಡದ ಸಂಖ್ಯೆ ಸಮೇತ ಇರುತ್ತದೆ. ಆ್ಯಪ್‌ಗಳ ಮೂಲಕ ಊಟ ತಲುಪಿಸುವ, ಟ್ಯಾಕ್ಸಿ ಓಡಿಸುವ ಗಿಗ್ ಕಾರ್ಮಿಕರ ಮಸೂದೆ ಇದಕ್ಕೆ ಒಳ್ಳೆಯ ಉದಾಹರಣೆ. ಕರಡು 2024ರ ಜೂನ್ ಕೊನೆಯಲ್ಲಿ ಸಾರ್ವಜನಿಕರ ಮುಂದೆ ಬಂತು, 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಯಿತು, ಆಗಸ್ಟ್‌ನಲ್ಲಿ ಸದನದ ಒಪ್ಪಿಗೆ ಪಡೆಯಿತು. ಕಂಪನಿಗಳು ಕಟ್ಟಬೇಕಾದ ಕಲ್ಯಾಣ ಶುಲ್ಕ ಶೇ 1ಕ್ಕಿಂತ ಕಡಿಮೆಯಿಲ್ಲ, ಶೇ 5ಕ್ಕಿಂತ ಹೆಚ್ಚಿಲ್ಲ ಎಂದು ಕಾಯ್ದೆ ಹೇಳುತ್ತದೆ. ಒಂದಕ್ಕೂ ಐದಕ್ಕೂ ಅಂತರ ಐದು ಪಟ್ಟು. ಆ ಅಂತರದೊಳಗೆ ದರ ನಿಗದಿಯಾಗುವುದು ಅಧಿಸೂಚನೆಯಲ್ಲಿ, ಚರ್ಚೆಯಲ್ಲಲ್ಲ.

ಈ ಹವ್ಯಾಸದಲ್ಲಿ ನನಗೆ ಅತ್ಯಂತ ಸಂತೋಷ ಕೊಡುವುದು ಸಮಿತಿಗೆ ಹೋದ ಮಸೂದೆ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ 2024ರ ಜುಲೈನಲ್ಲಿ ಮಂಡನೆಯಾಗಿ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ಶಾಸಕ ರಿಜ್ವಾನ್ ಅರ್ಷದ್ ಅಧ್ಯಕ್ಷತೆಯ ಆ ಸಮಿತಿ ಜನರ ಅಹವಾಲು ಕೇಳಿತು. ಹತ್ತರವರೆಗೆ ನಗರಪಾಲಿಕೆ ಮಾಡಬಹುದೆಂದಿದ್ದ ಮಿತಿ ಏಳಕ್ಕಿಳಿಯಿತು. 2025ರ ಮಾರ್ಚ್‌ನಲ್ಲಿ ಸದನ ಅಂಗೀಕರಿಸಿತು, ರಾಜ್ಯಪಾಲರು ಒಮ್ಮೆ ವಿವರಣೆ ಕೇಳಿ ಹಿಂದಿರುಗಿಸಿ ಏಪ್ರಿಲ್‌ನಲ್ಲಿ ಅಂಕಿತ ಹಾಕಿದರು. ಬೆಂಗಳೂರನ್ನು ಒಡೆಯುವುದೇ ತಪ್ಪು ಎನ್ನುವವರಿದ್ದಾರೆ, ಅವರ ವಾದದಲ್ಲೂ ಬಲವಿದೆ. ಆದರೆ ಮಂಡನೆಯಾದ ಪ್ರತಿಯನ್ನೂ ಅಂಗೀಕಾರವಾದ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಎಲ್ಲಿ ಒತ್ತಡ ಬಿತ್ತು, ಎಲ್ಲಿ ಪಟ್ಟು ಸಡಿಲವಾಯಿತು ಎಂದು ಕಾಣುತ್ತದೆ.

ಅದೇ ಮಾರ್ಚ್ 21ರಂದು ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಗದ್ದಲದ ನಡುವೆಯೇ ಸಚಿವರ, ಶಾಸಕರ ಸಂಬಳ ಹೆಚ್ಚಿಸುವ ಮಸೂದೆಗಳೂ, ಸರ್ಕಾರಿ ಗುತ್ತಿಗೆಯಲ್ಲಿ ಮೀಸಲಾತಿ ವಿಸ್ತರಿಸುವ ಮಸೂದೆಯೂ ಅಂಗೀಕಾರವಾದವು. ಆ ದಿನವೇ 18 ಬಿಜೆಪಿ ಶಾಸಕರು ಅಮಾನತಾದರು. ಗೋಹತ್ಯೆ ತಡೆ ಮಸೂದೆಯೂ 2020ರ ಡಿಸೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಗದ್ದಲದಲ್ಲೇ ಪಾಸಾಗಿತ್ತು. ಪರಿಷತ್ತು ಕೈಗೆತ್ತಿಕೊಳ್ಳದಿದ್ದಾಗ ಜನವರಿಯಲ್ಲಿ ಸುಗ್ರೀವಾಜ್ಞೆ ಬಂತು, ಫೆಬ್ರವರಿಯಲ್ಲಿ ಪರಿಷತ್ತಿನಲ್ಲಿ ಧ್ವನಿಮತದಿಂದ ಒಪ್ಪಿಗೆಯಾಯಿತು. ಪಕ್ಷ ಬೇರೆ, ರೂಢಿ ಒಂದೇ. ಖಂಡವಾರು ಚರ್ಚೆಯಿಲ್ಲದೆ ಕಾನೂನು ಮಾಡುವುದು ತಪ್ಪು, ಕಾನೂನು ನನಗೆ ಇಷ್ಟವಾದದ್ದೇ ಆಗಿದ್ದರೂ ತಪ್ಪು. ಹಣಕಾಸು ಮಸೂದೆ ಬಿಟ್ಟು ಉಳಿದ ದೊಡ್ಡ ಮಸೂದೆಗಳನ್ನೆಲ್ಲ ಸಮಿತಿಗೆ ಕಳಿಸುವುದೇ ವಾಡಿಕೆಯಾಗಬೇಕು.

ಮಂಡನೆಗೂ ಪರ್ಯಾಲೋಚನೆಗೂ ನಡುವೆ ಸಿಗುವ ದಿನಗಳು ನಮ್ಮವು. ನಿಮ್ಮ ಶಾಸಕರಿಗೆ, ನಿಮ್ಮ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದ ಪರಿಷತ್ ಸದಸ್ಯರಿಗೆ ಒಂದು ಪುಟದ ಪತ್ರ ಬರೆಯಿರಿ. ಮಸೂದೆ ಒಳ್ಳೆಯದು, ಕೆಟ್ಟದ್ದು ಎಂದು ಬರೆದರೆ ಅವರಿಗೆ ಉಪಯೋಗವಿಲ್ಲ. ಇಷ್ಟನೇ ಖಂಡದಲ್ಲಿ ಈ ಸಾಲು ಹೀಗಿದೆ, ಹೀಗಾಗಬೇಕು ಎಂದು ಬರೆದರೆ ಅದು ಅವರ ಕೈಯಲ್ಲಿ ತಿದ್ದುಪಡಿ ಸೂಚನೆಯಾಗಬಹುದು.

ಸದನದಿಂದ ಹೊರಬಿದ್ದ ಮೇಲೂ ಹಿಂಬಾಲಿಸಬೇಕು. ಗುತ್ತಿಗೆ ಮೀಸಲಾತಿ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ರಾಜ್ಯಪಾಲರಿಗೆ ನ್ಯಾಯಾಲಯ ಗಡುವು ವಿಧಿಸಲಾಗದು, ಆದರೆ ಅವರು ಮಸೂದೆಯನ್ನು ಅನಿರ್ದಿಷ್ಟ ಕಾಲ ಇಟ್ಟುಕೊಂಡು ಕೂರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2025ರ ನವೆಂಬರ್ 20ರಂದು ಅಭಿಪ್ರಾಯಪಟ್ಟಿತು. ಅಂಕಿತ ಬಿದ್ದರೂ ಮೊದಲ ಪ್ರಕರಣವನ್ನು ಇನ್ನೊಮ್ಮೆ ನೋಡಿ, ಸರ್ಕಾರ ಗೊತ್ತುಪಡಿಸಿದ ದಿನದಿಂದ ಜಾರಿ ಎಂದಿದ್ದರೆ ಕಾಯುವುದು ಮುಗಿದಿಲ್ಲ. ಮಾಟಮಂತ್ರ ಮತ್ತು ಅಮಾನವೀಯ ದುಷ್ಟ ಪದ್ಧತಿಗಳ ತಡೆ ಮಸೂದೆಗೆ ಸದನದ ಒಪ್ಪಿಗೆ ಸಿಕ್ಕಿದ್ದು 2017ರ ನವೆಂಬರ್‌ನಲ್ಲಿ. ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ಸರ್ಕಾರಗಳು ಬದಲಾದ ಮೇಲೆ.