ಹತ್ತಿಯ ಹಿಮ, ಜೋಳದ ಕೊಂಪಿ

ಡಿಸೆಂಬರ್ ಮೂರನೇ ವಾರ ವಾಡಿಯ ರೈಲ್ವೆ ಕ್ವಾರ್ಟರ್ಸಿನ ಬದಿ, ಶಹಾಬಾದಿನ ಹಳೇ ಓಣಿಗಳಲ್ಲಿ ಸಂಜೆ ನಡೆದರೆ ಕ್ರೈಸ್ತರ ಮನೆ ಯಾವುದೆಂದು ಕೇಳಬೇಕಾಗಿಲ್ಲ. ಬಾಗಿಲ ಮೇಲೆ ನಕ್ಷತ್ರ ತೂಗುತ್ತಿರುತ್ತದೆ. ಒಳಗೆ ಮೂಲೆಯಲ್ಲಿ ಗೋದಲಿ. ನನ್ನ ತಕರಾರು ಇರುವುದು ಆ ಗೋದಲಿಯ ಬಗ್ಗೆ.

ನೆಲಕ್ಕೆ ಶಹಾಬಾದಿ ಪರ್ಸಿ. ಅದರ ಮೇಲೆ ಥರ್ಮಾಕೋಲಿನ ಕೊಟ್ಟಿಗೆ, ಕೊಟ್ಟಿಗೆಯ ಸೂರಿಗೆ ಹಿಂಜಿದ ಹತ್ತಿ. ಅದು ಹಿಮವಂತೆ. ಪಕ್ಕದ ಪ್ಲಾಸ್ಟಿಕ್ ಮರದ ರೆಂಬೆಗೂ ಅದೇ ಹತ್ತಿ. ಹತ್ತಿಯೇನೋ ನಮ್ಮ ಎರೆಹೊಲದ್ದೇ, ಹಿಮವನ್ನು ಮಾತ್ರ ಚಿತ್ತಾಪುರದಲ್ಲಿ ಯಾರ ಅಜ್ಜನೂ ಕಂಡಿಲ್ಲ. ಮರದ ಕಥೆಯೂ ಅಷ್ಟೇ: ಚಿಂಚೋಳಿಯ ಕಾಡೆಲ್ಲ ಹುಡುಕಿದರೂ ಆ ಜಾತಿಯ ಗಿಡ ಸಿಗದು.

ಹೊರಗಿನಿಂದ ಬಂದದ್ದೆಲ್ಲ ಬೇಡವೆನ್ನುವ ಹಟ ನನಗಿಲ್ಲ. ವಾಡಿಯೇ ಹೊರಗಿನಿಂದ ಬಂದವರ ಊರು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಇಲ್ಲಿಗೆ ಬಂದು ಮುಂಬೈ–ಮದ್ರಾಸ್ ದಾರಿಗೆ ಕೂಡಿಕೊಂಡಿತು. 1968ರಲ್ಲಿ ಎಸಿಸಿ ಸಿಮೆಂಟ್ ಬಂತು. ರೈಲು, ಸಿಮೆಂಟು ಎರಡೂ ಊರೂರಿನ ಜನರನ್ನು ತಂದವು. ಮನೆಮನೆಗೆ ಹಾಡುತ್ತ ಬರುವ ತಂಡದಲ್ಲಿ ಕನ್ನಡ, ತೆಲುಗು, ಹಿಂದಿ ಹಾಡುಗಳು ಒಂದರ ಹಿಂದೊಂದು ಬರುತ್ತವೆ. ತಾಳ, ಡೋಲಕ್ ಸೇರಿದರೆ ಅದು ಭಜನೆಯ ನಡಿಗೆಯೇ. ಕಿಟೆಲ್ 1862ರಷ್ಟು ಹಿಂದೆಯೇ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿದ್ದ. ಹಾಡಿನ ಮಟ್ಟಿಗೆ ಈ ಹಬ್ಬ ಯಾವತ್ತೋ ನಮ್ಮದಾಗಿದೆ. ತಿಂಡಿಯ ಮಟ್ಟಿಗೂ ಅಷ್ಟೆ. ಬೇಕರಿಯ ಕೇಕನ್ನು ಮಕ್ಕಳು ಒಂದೇ ದಿನಕ್ಕೆ ಮುಗಿಸುತ್ತಾರೆ, ಓಣಿಯ ಮನೆಗಳಿಗೆ ತಟ್ಟೆಯಲ್ಲಿ ಹೋಗುವುದು ಕರ್ಚಿಕಾಯಿ, ಚಕ್ಕುಲಿ, ಶೇಂಗಾ ಉಂಡಿ. ಕಣ್ಣಿಗೆ ಕಾಣುವ ಅಲಂಕಾರಕ್ಕೆ ಬಂದಾಗ ಮಾತ್ರ ನಾವು ಕ್ಯಾಲೆಂಡರಿನ ಚಿತ್ರವನ್ನು ನೋಡಿ ನಕಲು ಹೊಡೆಯುತ್ತೇವೆ.

ಬೇರೆ ದೇಶದವರು ಹೀಗೆ ಮಾಡಲಿಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಗೋದಲಿ ಕಟ್ಟಿದಾಗ ತಂದದ್ದು ಅಲ್ಲಿನದೇ ಹುಲ್ಲು, ಅಲ್ಲಿನದೇ ಎತ್ತು, ಕತ್ತೆ. ಪೋಲೆಂಡಿನವರು ಹಬ್ಬದ ಊಟದ ಮೇಜಿಗೆ ಬಟ್ಟೆ ಹಾಸುವ ಮೊದಲು ಅಡಿಯಲ್ಲಿ ಒಂದು ಹಿಡಿ ಒಣಹುಲ್ಲು ಹರವುತ್ತಾರೆ. ಫಿಲಿಪ್ಪೀನ್ಸಿನವರು ಬಿದಿರುಕಡ್ಡಿಗೆ ಕಾಗದ ಅಂಟಿಸಿ ‘ಪರೋಲ್’ ಎಂಬ ನಕ್ಷತ್ರ ಮಾಡಿಕೊಂಡರು. ಡಿಸೆಂಬರ್ 16ರಿಂದ ಒಂಬತ್ತು ದಿನ ಅಲ್ಲಿ ಪೂಜೆ ನಡೆಯುವುದು ನಸುಕಿನಲ್ಲಿ, ಹೊಲಕ್ಕೆ ಹೋಗುವವರಿಗೆ ಅನುಕೂಲವಾಗಲೆಂದು. ಒಕ್ಕಲುತನದ ಗಡಿಯಾರಕ್ಕೆ ಹಬ್ಬವನ್ನು ಹೊಂದಿಸಿಕೊಂಡ ಈ ಜಾಣತನ ನನಗೆ ಬಹಳ ಮೆಚ್ಚುಗೆ.

ನಮ್ಮ ಭಾಗದಲ್ಲಿ ಹಾಗೆ ಹೊಂದಿಸುವುದಕ್ಕೆ ದೂರ ಹೋಗಬೇಕಿಲ್ಲ. ಎಳ್ಳ ಅಮಾವಾಸ್ಯೆ ಹಲವು ವರ್ಷ ಕ್ರಿಸ್‌ಮಸ್ಸಿನ ಆಸುಪಾಸಿನಲ್ಲೇ ಬೀಳುತ್ತದೆ. 2022ರಲ್ಲಿ ಎರಡೇ ದಿನ ಮೊದಲು, 23ಕ್ಕೆ ಬಂದಿತ್ತು. ಅಂದು ಸೇಡಂ ಸೀಮೆಯ ಒಕ್ಕಲಿಗರು ಬುಟ್ಟಿಯಲ್ಲಿ ಬಜ್ಜಿ, ಸಜ್ಜಿ ರೊಟ್ಟಿ, ಕಡಬು ಹೊತ್ತು ಹೊಲಕ್ಕೆ ಹೋಗುತ್ತಾರೆ. ಜೋಳದ ದಂಟು ಬಾಗಿಸಿ ಮೊಳದೆತ್ತರದ ಕೊಂಪಿ ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ ಚರಗ ಚೆಲ್ಲುತ್ತಾರೆ. ಆ ಕೊಂಪಿಯನ್ನು ಒಮ್ಮೆ ಬಗ್ಗಿ ನೋಡಿ. ಮೇಲೆ ಹಸಿರು ಗರಿ, ಕೆಳಗೆ ಕರಿಮಣ್ಣು, ನಡುವೆ ಒಂದು ಕೂಸು ಮಲಗುವಷ್ಟು ಜಾಗ. ಥರ್ಮಾಕೋಲಿನವನು ಯಾವ ಜನ್ಮಕ್ಕೂ ಇಂಥದ್ದನ್ನು ಕತ್ತರಿಸಲಾರ.

ಅವರ ಪೂಜೆ ನಮಗೇಕೆ ಎಂದು ಚರ್ಚಿನ ಹಿರಿಯರು ಕೇಳಬಹುದು, ಕೇಳುವುದರಲ್ಲಿ ತಪ್ಪೂ ಇಲ್ಲ. ಆದರೆ ನಾನು ಕೇಳುತ್ತಿರುವುದು ಸೂರನ್ನು, ಕಲ್ಲುಗಳನ್ನಲ್ಲ. ದನದ ಕೊಟ್ಟಿಗೆಯಲ್ಲಿ ಹುಟ್ಟಿದವನಿಗೆ ದನ ತಿನ್ನುವ ದಂಟಿನ ನೆರಳು ಪರಕೀಯವಾದೀತೆ? ಮಕ್ಕಳಿಗೆ ಹತ್ತಿ ಹಿಂಜುವುದರಲ್ಲಿ ಖುಷಿಯಿದೆ ಎಂಬುದೊಂದೇ ನನಗೆ ಒಪ್ಪಿಗೆಯಾಗುವ ವಾದ. ಅದಕ್ಕೂ ದಾರಿಯಿದೆ: ಹಿಂಜಿದ ಹತ್ತಿಯನ್ನು ಕುರಿಗಳ ಮೈಗೆ ಅಂಟಿಸಲಿ.

ಈ ಸಲ ಬಜಾರಿಗೆ ಹೋಗಿ ಥರ್ಮಾಕೋಲು ತರುವ ಮುನ್ನ ಗುರುತಿನ ಒಕ್ಕಲಿಗರೊಬ್ಬರ ಹೊಲಕ್ಕೆ ಹೋಗಿ ಕೇಳಿ. ನಾಲ್ಕು ದಂಟಿಗೆ ಯಾರೂ ದುಡ್ಡು ಕೇಳುವುದಿಲ್ಲ.