ಪಾರ್ಕ್ ಎಂದರೆ ಯಾವ ಪಾರ್ಕು?

ಇಂಗ್ಲಿಷ್ ಕಲಿಸುವ ನಮ್ಮಂಥವರಿಗೆ ಕಠಿಣ ಪದಗಳಿಂದ ಅಷ್ಟು ತೊಂದರೆಯಿಲ್ಲ. ಅವುಗಳ ಅರ್ಥ ತಿಳಿದಿಲ್ಲವೆಂಬುದು ನಮಗೇ ಗೊತ್ತಿರುತ್ತದೆ, ನಿಘಂಟು ತೆಗೆಯುತ್ತೇವೆ. ತೊಂದರೆ ಕೊಡುವವು ಸುಲಭದ ಪದಗಳು. ಒಂದನೆಯ ಇಯತ್ತೆಯ ಮಗುವಿಗೂ ಗೊತ್ತೆಂದು ನಾವು ನಂಬಿರುವ, ಆದ್ದರಿಂದಲೇ ಜನ್ಮದಲ್ಲಿ ಒಮ್ಮೆಯೂ ನಿಘಂಟಿನಲ್ಲಿ ಹುಡುಕದ ಪದಗಳು. ನನ್ನ ಪಾಲಿಗೆ ಅಂಥ ಪದವೊಂದು ‘ಪಾರ್ಕ್’.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಎಂಟನೆಯ ಇಯತ್ತೆಯ ಮಕ್ಕಳಿಗೆ ‘ಎ ವಿಜಿಟ್ ಟು ಎ ಪಾರ್ಕ್’ ಎಂಬ ಪ್ರಬಂಧ ಕೊಟ್ಟಿದ್ದೆ. ಮೂವತ್ತು ಪೇಪರುಗಳಲ್ಲಿ ಹೆಚ್ಚುಕಡಿಮೆ ಒಂದೇ ಪಾರ್ಕು. ಜೋಕಾಲಿ, ಜಾರುಬಂಡೆ, ಕಾರಂಜಿ, ಬೆಂಚಿನ ಮೇಲೆ ಕೂತ ಮುದುಕರು, ಗುಲಾಬಿ ಹೂ, ಕೊನೆಗೆ ಐಸ್‌ಕ್ರೀಮು. ಎಲ್ಲವೂ ಗೈಡಿನಿಂದ ಇಳಿದು ಬಂದದ್ದು. ಎಲ್ಲರಿಗೂ ಏಳೋ ಎಂಟೋ ಅಂಕ ಹಾಕಿದೆ. ಒಂದು ಪೇಪರು ಮಾತ್ರ ಬೇರೆಯಾಗಿತ್ತು. ಅಣಶಿ ಕಡೆಯ ಹಾಡಿಯೊಂದರಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿ ಬರೆದದ್ದು. ಅವಳ ಮುರುಕು ಇಂಗ್ಲಿಷಿನ ತಾತ್ಪರ್ಯ ಇಷ್ಟು: ನಾನು ಪಾರ್ಕಿಗೆ ಭೇಟಿ ಕೊಟ್ಟಿಲ್ಲ, ನಮ್ಮ ಮನೆ ಪಾರ್ಕಿನಲ್ಲಿಯೇ ಇದೆ. ಅಲ್ಲಿ ಮಳೆ ಬಹಳ. ಅಜ್ಜ ದನ ಹೊಡೆದುಕೊಂಡು ಹೋದರೆ ಪಾರ್ಕಿನವರು ಬೇಡವೆನ್ನುತ್ತಾರೆ. ರಾತ್ರಿ ಹೊರಗೆ ಹೋಗಲು ಹೆದರಿಕೆ. ನಮ್ಮೂರಿಗೆ ದೊಡ್ಡ ರಸ್ತೆ ಇಲ್ಲ, ಯಾಕೆಂದರೆ ಅದು ಪಾರ್ಕು.

ನಾನು ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದು ಬರೆದು ಹತ್ತಕ್ಕೆ ಎರಡು ಅಂಕ ಕೊಟ್ಟೆ. ಮರುದಿನ ಅವಳು ಪೇಪರು ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. “ಅಕ್ಕೋರೇ, ನಮ್ಮೂರಿನ ಹತ್ತಿರ ಬೋರ್ಡಿನ ಮೇಲೆ ಪಾರ್ಕ್ ಅಂತಲೇ ಬರೆದಿದೆ. ಹಾಗಾದರೆ ಬೋರ್ಡು ತಪ್ಪಾ?” ಎಂದಳು. ಜಗಳದ ದನಿಯಲ್ಲ, ನಿಜವಾಗಿ ತಿಳಿಯಬೇಕೆಂಬ ದನಿ. ನನ್ನಲ್ಲಿ ಉತ್ತರವಿರಲಿಲ್ಲ. “ನಾಳೆ ಹೇಳುತ್ತೇನೆ” ಎಂದೆ. ಅಂದು ಸಂಜೆ ಮೊದಲ ಬಾರಿಗೆ ಆ ಪದವನ್ನು ನಿಘಂಟಿನಲ್ಲಿ ಹುಡುಕಿದೆ.

ಹುಡುಕಿದಾಗ ತಿಳಿದದ್ದು, ಪಾರ್ಕಿಗೂ ಹೂವಿಗೂ ಹುಟ್ಟಿನಿಂದ ಸಂಬಂಧವೇ ಇಲ್ಲ. ಹಳೆಯ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಈ ಪದದ ಮೂಲಾರ್ಥ ಬೇಲಿ ಹಾಕಿದ ಜಾಗ. ಇಂಗ್ಲೆಂಡಿನಲ್ಲಿ ದೊರೆಯ ಅಪ್ಪಣೆ ಪಡೆದು, ಬೇಟೆಯ ಪ್ರಾಣಿಗಳನ್ನು ಸಾಕಲು ಸುತ್ತುಗಟ್ಟಿದ ಭೂಮಿಗೆ ಪಾರ್ಕ್ ಎನ್ನುತ್ತಿದ್ದರು. ಲಂಡನ್ನಿನ ಹೈಡ್ ಪಾರ್ಕ್ ಕೂಡ ಎಂಟನೆಯ ಹೆನ್ರಿ 1536ರಲ್ಲಿ ಜಿಂಕೆ ಬೇಟೆಗೆಂದು ತನ್ನದಾಗಿಸಿಕೊಂಡ ನೆಲ. ಜನಸಾಮಾನ್ಯರಿಗೆ ಅದು ತೆರೆದದ್ದು ಸುಮಾರು ನೂರು ವರ್ಷಗಳ ನಂತರ. ಪಟ್ಟಣದವರು ಗಾಳಿ ಸೇವನೆಗೆ ಹೋಗುವ ಪಾರ್ಕು ಹುಟ್ಟಿದ್ದು ಹೀಗೆ, ದೊರೆಗಳ ಬೇಲಿ ತೆರೆದ ಮೇಲೆ. ಬೆಂಗಳೂರಿನ ಕಬ್ಬನ್ ಪಾರ್ಕು 1870ರದು. ಅದಕ್ಕಿಂತ ಹಳೆಯದಾದ, ಹೈದರಾಲಿಯ ಕಾಲದ ಲಾಲ್‌ಬಾಗಿಗೆ ‘ಬಾಗ್’, ಅಂದರೆ ತೋಟವೆಂಬ ಹೆಸರೇ ಉಳಿದಿದೆ.

ಸೈನ್ಯದಲ್ಲಿ ಫಿರಂಗಿಗಳನ್ನೂ ಬಂಡಿಗಳನ್ನೂ ಸಾಲಾಗಿ ನಿಲ್ಲಿಸುವ ಜಾಗಕ್ಕೂ ಪಾರ್ಕ್ ಎಂದೇ ಹೆಸರು. ನಾವು ಸ್ಕೂಟರನ್ನು ‘ಪಾರ್ಕ್ ಮಾಡುವುದು’ ಆ ಅರ್ಥದಿಂದ ಬಂದದ್ದು. ಇಲ್ಲೊಂದು ತಪ್ಪನ್ನು ನಾವೆಲ್ಲ ಮಾಡುತ್ತೇವೆ. ‘ಗಾಡಿ ಪಾರ್ಕಿಂಗಿನಲ್ಲಿದೆ’ ಎನ್ನುವುದನ್ನೇ ಇಂಗ್ಲಿಷಿಗೆ ಎತ್ತಿ ಇಡುತ್ತೇವೆ. ಪಾರ್ಕಿಂಗ್ ಎನ್ನುವುದು ನಿಲ್ಲಿಸುವ ಕ್ರಿಯೆಯ ಹೆಸರು, ಜಾಗದ ಹೆಸರಲ್ಲ. ಜಾಗಕ್ಕೆ ಇಂಗ್ಲೆಂಡಿನವರು ‘ಕಾರ್ ಪಾರ್ಕ್’ ಎಂದರೆ ಅಮೆರಿಕದವರು ‘ಪಾರ್ಕಿಂಗ್ ಲಾಟ್’ ಎನ್ನುತ್ತಾರೆ. ಬರೀ ‘ಪಾರ್ಕ್’ ಎಂದರೆ ವಾಹನ ನಿಲ್ಲಿಸುವ ಜಾಗವೆಂದು ಯಾರೂ ತಿಳಿಯುವುದಿಲ್ಲ.

ಇನ್ನು ಈಚಿನ ಪಾರ್ಕುಗಳು. ಕಂಪ್ಯೂಟರಿನವರ ಟೆಕ್ ಪಾರ್ಕು ಇದೆ, ಕೈಗಾರಿಕೆಗಳ ಪಾರ್ಕು ಇದೆ, ಪಾವಗಡದಲ್ಲಿ ಸುಮಾರು ಹದಿಮೂರು ಸಾವಿರ ಎಕರೆಯ ಸೋಲಾರ್ ಪಾರ್ಕು ಇದೆ. ನೆರಳಿಗೆ ಮರ ಹುಡುಕಿಕೊಂಡು ಹೋದರೆ ಅಲ್ಲಿ ಕಾಣುವುದು ಬಿಸಿಲಿಗೆ ಮುಖ ಮಾಡಿದ ಫಲಕಗಳು. ಆದರೂ ಹೆಸರು ತಪ್ಪಲ್ಲ. ಒಂದು ಕೆಲಸಕ್ಕೆಂದು ಗಡಿ ಹಾಕಿ ಬೇರ್ಪಡಿಸಿದ ಜಾಗ ಎಂಬ ಹಳೆಯ ಅರ್ಥ ಅಲ್ಲಿ ಹಾಗೆಯೇ ಇದೆ. ನೋಡಿ ಗೆಳತಿಯರೇ, ಪಾರ್ಕಿನ ಅರ್ಥಗಳು ಎಷ್ಟೇ ಕವಲೊಡೆದರೂ ಬುಡದಲ್ಲಿರುವುದು ಬೇಲಿಯೇ.

ಈಗ ‘ನ್ಯಾಷನಲ್ ಪಾರ್ಕ್’. ಅಮೆರಿಕದ ಯೆಲ್ಲೋಸ್ಟೋನ್ 1872ರಲ್ಲಿ ಈ ಹೆಸರಿನ ಮೊದಲಿಗ. ನಮ್ಮ ದೇಶದಲ್ಲಿ ಮೊದಲನೆಯದು 1936ರಲ್ಲಿ ಆದದ್ದು, ಈಗ ಜಿಮ್ ಕಾರ್ಬೆಟ್ ಹೆಸರಿನಲ್ಲಿದೆ. ನಮ್ಮ ಭಾಗದ ಕಾಡು 1956ರಲ್ಲಿ ದಾಂಡೇಲಿ ವನ್ಯಜೀವಿ ಧಾಮವಾಯಿತು. ಅದರ ಒಂದು ಭಾಗ 1987ರಲ್ಲಿ ಅಣಶಿ ನ್ಯಾಷನಲ್ ಪಾರ್ಕ್ ಆಯಿತು. ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ನದಿಯ ಹೆಸರು ಪಡೆದವು. ಹೊರಗಿನವರಿಗೆ ಇವೆಲ್ಲ ಒಂದೇ ಕಾಡಿಗೆ ಬಿದ್ದ ಬೇರೆ ಬೇರೆ ಹೆಸರುಗಳಾಗಿ ಕಾಣಬಹುದು. 1972ರ ವನ್ಯಜೀವಿ ಕಾಯಿದೆಯಲ್ಲಿ ಹಾಗಲ್ಲ. ಧಾಮದೊಳಗೆ ಜನರ ಕೆಲವು ಹಕ್ಕುಗಳನ್ನು ಮುಂದುವರಿಸಲು ಅವಕಾಶವಿದೆ. ನ್ಯಾಷನಲ್ ಪಾರ್ಕಿನಲ್ಲಿ ಹಕ್ಕುಗಳನ್ನು ತೀರಿಸಿ, ಭೂಮಿ ಸರಕಾರದ್ದಾಗಬೇಕು, ದನ ಮೇಯಿಸುವಂತಿಲ್ಲ. ಒಂದು ನಾಮಪದ ಹೋಗಿ ಇನ್ನೊಂದು ಬಂದರೆ ಅಜ್ಜನ ದನಗಳ ದಾರಿ ಬದಲಾಗುತ್ತದೆ.

ನನ್ನ ಆಕ್ಷೇಪವಿರುವುದು ಇದರ ಕನ್ನಡದ ಬಗ್ಗೆ. ನ್ಯಾಷನಲ್ ಪಾರ್ಕಿಗೆ ನಾವು ‘ರಾಷ್ಟ್ರೀಯ ಉದ್ಯಾನವನ’ ಎಂದೆವು. ಸಂಸ್ಕೃತದ ಉದ್ಯಾನ ಎಂಬ ಪದದ ಮೂಲಾರ್ಥ ಹೊರಗೆ ಹೋಗುವುದು, ವಿಹಾರ. ಪಾರ್ಕಿನ ಮೂಲಾರ್ಥ ಒಳಗೆ ಸೇರಿಸಿ ಬೇಲಿ ಹಾಕುವುದು. ನಗರದ ಪಾರ್ಕಿಗೆ ಉದ್ಯಾನ ಚೆನ್ನಾಗಿ ಒಪ್ಪುತ್ತದೆ. ಹುಲಿ, ಕರಿಚಿರತೆ ಇರುವ ಘಟ್ಟದ ಕಾಡಿಗೆ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿದ್ದ ಬೇಲಿ ಅನುವಾದದಲ್ಲಿ ಕಳಚಿಬಿತ್ತು, ಹೂದೋಟ ಬಂದು ಕೂತಿತು.

ಇದರ ಫಲ ಎರಡು ಕಡೆಗೂ. ದಾಂಡೇಲಿಯಿಂದ ಜೋಯಿಡಾ, ಕುಂಬಾರವಾಡ ದಾಟಿ ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಹೋಗುವ ದಾರಿಯಲ್ಲಿ, ಉದ್ಯಾನಕ್ಕೆ ಬಂದವರಂತೆ ಬುತ್ತಿ ಬಿಚ್ಚಿ, ತಟ್ಟೆ ಲೋಟ ಅಲ್ಲೇ ಎಸೆದು ಹೋಗುವವರನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಅವರಿಗೆ ಅದು ಹುಲಿಯ ಮನೆಯೆಂದು ಆ ಹೆಸರು ಹೇಳುವುದಿಲ್ಲ. ಇತ್ತ ಒಳಗಿನ ಕುಣಬಿ ಮನೆಗಳವರಿಗೆ, ‘ಉದ್ಯಾನ’ ಎಂಬ ನಯವಾದ ಮಾತು ತಮ್ಮ ಮೇಲೆ ಬಂದ ಕಟ್ಟುಪಾಡನ್ನು ತಿಳಿಸುವುದಿಲ್ಲ. ಕಾಡು ಬಿಟ್ಟು ಹೊರಬರುವ ಕುಟುಂಬಗಳಿಗೆ ಪುನರ್ವಸತಿಯ ಹಣವಿದೆ. ಕೆಲವರು ಹೋದರು, ಕೆಲವರು ಉಳಿದರು. ಹೋಗುವುದೋ ಉಳಿಯುವುದೋ ಎಂದು ಯೋಚಿಸುವವರಿಗೆ, ತಾವಿರುವುದು ಎಂಥ ಜಾಗವೆಂದು ತಮಗೆ ತಿಳಿಯುವ ಭಾಷೆಯಲ್ಲಿ ಹೇಳಬೇಡವೇ?

ಕಾಡಿಗೆ ಬೇಲಿಯೇ ಬೇಡವೆಂಬುದು ನನ್ನ ಮಾತಲ್ಲ. ಕಾಳಿಯ ನೀರು ಕುಡಿದು ಬೆಳೆದವಳು ನಾನು. ಕಾಡಿಲ್ಲದೆ ಆ ನೀರಿಲ್ಲವೆಂದು ಬಲ್ಲೆ. ಹೊಸ ಪದ ಹುಟ್ಟಿಸುವ ವಿದ್ವತ್ತೂ ನನಗಿಲ್ಲ. ನಾಲ್ವತ್ತು ವರ್ಷ ಬೋರ್ಡಿನ ಮೇಲಿದ್ದ ಹೆಸರನ್ನು ಅಳಿಸುವುದೂ ಸುಲಭವಲ್ಲ. ಆದರೆ ಪಾಠ ಹೇಳುವವರು ‘ಪಾರ್ಕ್ ಎಂದರೆ ಉದ್ಯಾನ’ ಎಂದು ಒಂದೇ ಉಸಿರಿನಲ್ಲಿ ಬರೆಸಿ ಮುಂದೆ ಹೋಗಬಾರದು. ಯಾವ ಪಾರ್ಕು, ಯಾರು ಬೇಲಿ ಹಾಕಿದ್ದು, ಒಳಗೆ ಯಾರಿದ್ದಾರೆ ಎಂದು ಕೇಳಿಸಬೇಕು. ಮನೆಯಲ್ಲಿ ಮಕ್ಕಳಿಗೆ ಹೋಂವರ್ಕ್ ಮಾಡಿಸುವ ತಾಯಂದಿರಿಗೂ ನನ್ನ ಬಿನ್ನಹ ಇದೇ.

ಮರುದಿನ ಆ ಹುಡುಗಿಯನ್ನು ಕರೆದು, “ಬೋರ್ಡು ತಪ್ಪಲ್ಲ, ನಿನ್ನದೂ ತಪ್ಪಲ್ಲ, ಅಂಕ ಹಾಕಿದ್ದು ತಪ್ಪು” ಎಂದೆ. ಎರಡನ್ನು ಹೊಡೆದು ಏಳು ಮಾಡಿದೆ. “ಇನ್ನು ಮೂರು ಯಾಕೆ ಹೋಯಿತು ಅಕ್ಕೋರೇ?” ಎಂದಳು. ಎರಡು ಸ್ಪೆಲ್ಲಿಂಗಿಗೆ, ಒಂದು ‘ದ’ ಎಂಬ ಆರ್ಟಿಕಲ್ ಬಿಟ್ಟದ್ದಕ್ಕೆ. ಅವಳು ಬರೀ ‘ಇನ್ ಪಾರ್ಕ್’ ಎಂದು ಬರೆದಿದ್ದಳು. ನನ್ನ ಪ್ರಶ್ನೆಯಲ್ಲಿದ್ದದ್ದು ‘ಎ ಪಾರ್ಕ್’, ಎಲ್ಲಿಯದೋ ಯಾವುದೋ ಒಂದು. ಅವಳು ಬರೆಯಬೇಕಾಗಿದ್ದದ್ದು ‘ದ ಪಾರ್ಕ್’, ಹೇಳುವವರಿಗೂ ಕೇಳುವವರಿಗೂ ಗೊತ್ತಿರುವ ಅದೊಂದೇ. ಇಷ್ಟು ವಿವರಿಸಿದಾಗ ಅವಳು ತಲೆಯಾಡಿಸಿ, ಪೆನ್ನು ತೆಗೆದು, ಪಾರ್ಕ್ ಇದ್ದಲ್ಲೆಲ್ಲ ‘ದ’ ಸೇರಿಸುತ್ತ ಕೂತಳು.